ಹಾಲು ಸಾಲುತ್ತಿದೆಯೋ ಇಲ್ಲವೋ? ಎದೆಹಾಲುಣಿಸುವ ತಾಯಂದಿರಿಗೆ ಮೊದಲ ದಿನದಿಂದ ಒಂದು ಮಾರ್ಗದರ್ಶಿ

“ನನಗೆ ಹಾಲು ಸಾಲುತ್ತಿಲ್ಲ, ಏನು ತಿಂದರೆ ಹೆಚ್ಚುತ್ತದೆ?” ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: “ಎದೆಹಾಲು ಒಳ್ಳೆಯದು ಅಂತ ಎಲ್ಲರೂ ಹೇಳ್ತಾರೆ, ಅದರಲ್ಲಿ ಅಂಥದ್ದೇನಿದೆ?” ಎರಡಕ್ಕೂ ಇಲ್ಲಿ ಒಟ್ಟಿಗೇ ಉತ್ತರಿಸುತ್ತೇನೆ. ಹಾಲಿನ ಗುಣ ಎಷ್ಟೇ ದೊಡ್ಡದಿರಲಿ, ಅದು ಮಗುವಿನ ಹೊಟ್ಟೆ ಸೇರಿದರೆ ತಾನೆ ಪ್ರಯೋಜನ? ಹೆಚ್ಚಿನವರು ಎಡವುವುದು ಆ ದಾರಿಯಲ್ಲಿ, ಅದೂ ಮೊದಲ ಎರಡು ವಾರಗಳಲ್ಲಿ.

ಮೊದಲ ಪ್ರಶ್ನೆಯ ಉತ್ತರ ಚಿಕ್ಕದು. ಹಾಲು ಹೆಚ್ಚುವುದು ಮುಖ್ಯವಾಗಿ ತಾಯಿ ತಿನ್ನುವುದರಿಂದಲ್ಲ, ಎದೆ ಖಾಲಿಯಾಗುವುದರಿಂದ. ಮಗು ಚೀಪಿದಾಗ ತಾಯಿಯ ಮಿದುಳಿನಿಂದ ಎರಡು ಹಾರ್ಮೋನುಗಳು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲು ತಯಾರಾಗುವಂತೆ ಮಾಡುತ್ತದೆ, ಆಕ್ಸಿಟೋಸಿನ್ ತಯಾರಾದ ಹಾಲನ್ನು ನಾಳಗಳಿಗೆ ತಳ್ಳುತ್ತದೆ. “ಹಾಲು ಇಳಿಯಿತು” ಎನ್ನುವುದು ಈ ಎರಡನೆಯದಕ್ಕೆ. ಎದೆಯಲ್ಲಿ ಹಾಲು ಹಾಗೇ ತುಂಬಿ ನಿಂತರೆ ತಯಾರಿಕೆ ನಿಧಾನವಾಗುತ್ತದೆ, ಖಾಲಿಯಾದಷ್ಟೂ ಚುರುಕಾಗುತ್ತದೆ. ಮುಂದೆ ಹೇಳುವ ಸೂಚನೆಗಳೆಲ್ಲ ಹೆಚ್ಚುಕಡಿಮೆ ಇದೊಂದು ಸಂಗತಿಯನ್ನೇ ಆಧರಿಸಿವೆ.

ಬೇಕಾದದ್ದು ಏನು?

ಬೆನ್ನಿಗೆ ಆನಿಕೆ, ಕೈ ಕೆಳಗೆ ಒಂದು ದಿಂಬು, ಪಕ್ಕದಲ್ಲಿ ಕುಡಿಯುವ ನೀರು. ಹಾಲು ಹಿಂಡಬೇಕಾಗಿ ಬಂದರೆ ಅಗಲ ಬಾಯಿಯ ಶುಭ್ರ ಬಟ್ಟಲು, ಕುಡಿಸಲು ಚಮಚ ಅಥವಾ ಪುಟ್ಟ ಲೋಟ. ಇದಕ್ಕಿಂತ ಮುಖ್ಯವಾಗಿ, ಮೊದಲ ಕೆಲವು ವಾರ ಮನೆಯ ಉಳಿದ ಕೆಲಸವನ್ನು ಬೇರೆಯವರು ವಹಿಸಿಕೊಳ್ಳಬೇಕು. ಹಾಲುಣಿಸುವುದೇ ಪೂರ್ಣಾವಧಿ ಕೆಲಸ, ಇದನ್ನು ಮನೆಯವರಿಗೆ ಹೆರಿಗೆಗೆ ಮೊದಲೇ ಹೇಳಿಟ್ಟಿರಿ. ಹಾಲುಣಿಸುವ ಬಗ್ಗೆ ತರಬೇತಿ ಪಡೆದ ದಾದಿ ಅಥವಾ ಲ್ಯಾಕ್ಟೇಶನ್ ಸಲಹೆಗಾರರು ನಿಮ್ಮ ಆಸ್ಪತ್ರೆಯಲ್ಲಿ ಇದ್ದಾರೆಯೇ ಎಂದೂ ಆಗಲೇ ವಿಚಾರಿಸಿಕೊಳ್ಳಿ.

ಹಂತ 1: ಮೊದಲ ಗಂಟೆ

ಹೆರಿಗೆಯಾದ ಒಂದು ಗಂಟೆಯೊಳಗೆ ಹಾಲುಣಿಸಲು ಶುರು ಮಾಡಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ ಸಲಹೆ. ಮಗುವನ್ನು ಒರೆಸಿ, ಬಟ್ಟೆ ಸುತ್ತದೆ ತಾಯಿಯ ಎದೆಯ ಮೇಲೆ ಮೈಗೆ ಮೈ ತಾಗುವಂತೆ ಮಲಗಿಸಿ, ಮೇಲೆ ಹೊದಿಕೆ ಹೊದಿಸಬೇಕು. ಮಗುವಿನ ಮೈ ಬಿಸಿ, ಉಸಿರಾಟ ಎರಡೂ ಹದಕ್ಕೆ ಬರುತ್ತವೆ. ಎಷ್ಟೋ ಮಕ್ಕಳು ತಾವಾಗಿಯೇ ತೆವಳಿ ಎದೆ ಹುಡುಕುತ್ತವೆ. ಸಿಸೇರಿಯನ್ ಆಗಿದ್ದರೂ ತಾಯಿಗೆ ಎಚ್ಚರವಿದ್ದು ಇಬ್ಬರೂ ಸ್ಥಿರವಾಗಿದ್ದರೆ ಇದು ಸಾಧ್ಯ, ವೈದ್ಯರಿಗೆ ಮೊದಲೇ ತಿಳಿಸಿ.

ಈಗ ಬರುವುದು ಗಿಣ್ಣುಹಾಲು, ಅಂದರೆ ಹೆರಿಗೆಯ ನಂತರದ ಮೊದಲ ಕೆಲವು ದಿನಗಳ ಮಂದವಾದ, ಹಳದಿ ಬಣ್ಣದ ಹಾಲು. ಇದು ಕೆಟ್ಟ ಹಾಲು ಎಂದು ಹಿಂಡಿ ಚೆಲ್ಲುವವರು ಇಂದಿಗೂ ಇದ್ದಾರೆ. ದಯವಿಟ್ಟು ಚೆಲ್ಲಬೇಡಿ. ರೋಗನಿರೋಧಕ ಪ್ರೋಟೀನುಗಳು, ಬಿಳಿ ರಕ್ತಕಣಗಳು, ಎ ಜೀವಸತ್ವ ಇದರಲ್ಲಿ ದಟ್ಟವಾಗಿವೆ. ಇಮ್ಯುನೊಗ್ಲಾಬ್ಯುಲಿನ್ ಎ ಎನ್ನುವ ಪ್ರತಿಕಾಯ ಮಗುವಿನ ಕರುಳಿನ ಒಳಗೋಡೆಯ ಮೇಲೆ ಹರಡಿಕೊಂಡು, ರೋಗಾಣುಗಳು ಅಲ್ಲಿ ಅಂಟದಂತೆ ತಡೆಯುತ್ತದೆ. ಮಗುವಿನ ಮೊದಲ ಕಪ್ಪು ಮಲ ಹೊರಹೋಗಲು ಕೂಡ ಗಿಣ್ಣುಹಾಲು ನೆರವಾಗುತ್ತದೆ.

ಇದರ ಪ್ರಮಾಣ ಬಹಳ ಕಡಿಮೆ. ಮೊದಲ 24 ಗಂಟೆಯಲ್ಲಿ ಒಂದು ಸಲಕ್ಕೆ 2ರಿಂದ 10 ಮಿಲಿಲೀಟರ್ ಅಷ್ಟೇ. ಮಗುವಿಗೆ ಆಗ ಬೇಕಾದದ್ದೂ ಅಷ್ಟೇ. “ಏನೂ ಬರ್ತಾ ಇಲ್ಲ” ಎಂದು ಗಾಬರಿಯಾಗಿ ಸಕ್ಕರೆ ನೀರು, ಜೇನುತುಪ್ಪ, ಪುಡಿಹಾಲು ಕೊಡುವ ತಪ್ಪು ನಡೆಯುವುದು ಈ ಘಟ್ಟದಲ್ಲೇ. ಹೊಟ್ಟೆ ತುಂಬಿದ ಮಗು ಚೀಪುವುದಿಲ್ಲ, ಚೀಪದಿದ್ದರೆ ಹಾಲು ಹೆಚ್ಚುವುದಿಲ್ಲ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ನಾಲಿಗೆಗೆ ಸವರಲೂ ಬೇಡಿ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳಿಂದ ಬಾಟ್ಯುಲಿಸಂ ಎಂಬ, ಸ್ನಾಯುಗಳ ಶಕ್ತಿ ಉಡುಗಿಸುವ ಅಪಾಯಕಾರಿ ಕಾಯಿಲೆ ಬರಬಹುದು.

ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಎದೆ ಭಾರವಾಗಿ ಹಾಲು ತುಂಬಿಕೊಳ್ಳುತ್ತದೆ. ಸಿಸೇರಿಯನ್ ಆದವರಿಗೆ, ಮಧುಮೇಹ ಇರುವವರಿಗೆ, ಮೊದಲ ಹೆರಿಗೆಯವರಿಗೆ ಇದು ಒಂದೆರಡು ದಿನ ತಡವಾಗಬಹುದು.

ಹಂತ 2: ಬಾಯಿ ಸರಿಯಾಗಿ ಹಿಡಿಸುವುದು

ಈ ಲೇಖನದಲ್ಲಿ ಒಂದೇ ಭಾಗ ಓದಲು ಪುರುಸೊತ್ತಿದ್ದರೆ ಇದನ್ನು ಓದಿ. ತೊಟ್ಟು ಒಡೆಯುವುದು, ಹಾಲು ಕಟ್ಟುವುದು, ಮಗುವಿನ ತೂಕ ಏರದಿರುವುದು, ಗಂಟೆಗಟ್ಟಲೆ ಚೀಪಿದರೂ ಮಗು ಅಳುವುದು, ಇವುಗಳಲ್ಲಿ ಬಹಳಷ್ಟು ಮಗು ಎದೆಯನ್ನು ಹಿಡಿದಿರುವ ರೀತಿಯಿಂದಲೇ ಶುರುವಾಗುತ್ತವೆ.

ಮಗು ಅಳುವವರೆಗೆ ಕಾಯಬೇಡಿ. ಕೈ ಬಾಯಿಗೆ ಒಯ್ಯುವುದು, ತುಟಿ ಚಪ್ಪರಿಸುವುದು, ತಲೆ ಆಚೀಚೆ ಹೊರಳಿಸಿ ಹುಡುಕುವುದು, ಇವು ಹಸಿವಿನ ಮೊದಲ ಸೂಚನೆಗಳು. ಅಳು ಕೊನೆಯದು. ಅಳುವ ಮಗುವಿನ ನಾಲಿಗೆ ಮೇಲೆದ್ದಿರುತ್ತದೆ, ಬಾಯಿ ಹಿಡಿಸುವುದು ಕಷ್ಟ. ಆಗ ಮೊದಲು ಸಮಾಧಾನ ಮಾಡಿ, ಆಮೇಲೆ ಎದೆಗೆ ಹಾಕಿ.

ಮಗುವಿನ ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ. ತಲೆ ಮಾತ್ರ ತಿರುಗಿ ಮೈ ಮೇಲ್ಮುಖವಾಗಿದ್ದರೆ ಅದಕ್ಕೆ ನುಂಗಲು ಆಗುವುದಿಲ್ಲ, ಹಾಗೆ ಕತ್ತು ತಿರುಗಿಸಿ ನೀರು ಕುಡಿದು ನೋಡಿದರೆ ನಿಮಗೇ ಗೊತ್ತಾಗುತ್ತದೆ. ಮಗುವಿನ ಹೊಟ್ಟೆ ನಿಮ್ಮ ಮೈಗೆ ಒತ್ತಿಕೊಂಡಿರಲಿ. ಮೂಗು ತೊಟ್ಟಿನ ಎದುರಿಗೆ ಬರುವಂತೆ ಹಿಡಿದು, ತೊಟ್ಟಿನಿಂದ ಮೇಲ್ದುಟಿಯನ್ನು ಸವರಿ. ಬಾಯಿ ಆಕಳಿಸುವಷ್ಟು ಅಗಲವಾದ ಕ್ಷಣ ಮಗುವನ್ನು ಎದೆಯತ್ತ ತನ್ನಿ. ನೀವು ಬಗ್ಗಿ ಎದೆಯನ್ನು ಮಗುವಿನ ಬಾಯಿಗೆ ತುರುಕಬೇಡಿ, ಬೆನ್ನುನೋವು ಬರುವುದು ಹೀಗೆ ಬಗ್ಗುವುದರಿಂದಲೇ.

ಸರಿಯಾಗಿ ಹಿಡಿದಿದ್ದರೆ ಮಗುವಿನ ಗದ್ದ ಎದೆಗೆ ತಾಗಿರುತ್ತದೆ, ಕೆಳದುಟಿ ಹೊರಮಡಚಿರುತ್ತದೆ, ಕೆನ್ನೆ ಉಬ್ಬಿರುತ್ತದೆ. ತೊಟ್ಟಿನ ಸುತ್ತಲ ಕಪ್ಪು ಭಾಗ ಮಗುವಿನ ಮೇಲ್ದುಟಿಯ ಮೇಲುಗಡೆ ಹೆಚ್ಚು, ಕೆಳಗೆ ಕಡಿಮೆ ಕಾಣುತ್ತದೆ. ಶುರುವಿನಲ್ಲಿ ಬೇಗ ಬೇಗ ಚೀಪಿ, ಹಾಲು ಇಳಿದ ಮೇಲೆ ನಿಧಾನವಾಗಿ, ಆಳವಾಗಿ ಎಳೆಯುತ್ತದೆ, ನಡುನಡುವೆ ಗುಟುಕರಿಸುವುದು ಕೇಳಿಸುತ್ತದೆ. ಕೆನ್ನೆ ಗುಳಿ ಬೀಳುತ್ತಿದ್ದರೆ, ಚಟಚಟ ಸದ್ದು ಬರುತ್ತಿದ್ದರೆ ಹಿಡಿತ ಸರಿಯಿಲ್ಲ ಎಂದರ್ಥ.

ಮೊದಲ ದಿನಗಳಲ್ಲಿ ಆರಂಭದ ಕೆಲವು ಕ್ಷಣ ಎಳೆದಂತಾಗುವುದು ಸಹಜ. ಆದರೆ ಹಾಲುಣಿಸುವಷ್ಟು ಹೊತ್ತೂ ಹಲ್ಲು ಕಚ್ಚಿ ತಡೆದುಕೊಳ್ಳುವಂಥ ನೋವು ಸಹಜವಲ್ಲ, ಯಾರು ಏನೇ ಹೇಳಲಿ. ಶುಭ್ರವಾದ ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಯಲ್ಲಿ ತೂರಿಸಿ ಹಿಡಿತ ಬಿಡಿಸಿ, ಮತ್ತೆ ಹಿಡಿಸಿ. ತೊಟ್ಟನ್ನು ಎಳೆದು ಬಿಡಿಸಬೇಡಿ. ಎಷ್ಟು ಸಲ ಮಾಡಿದರೂ ನೋವು ಹೋಗದಿದ್ದರೆ ಮಗುವಿನ ನಾಲಿಗೆಯ ಕೆಳಗಿನ ಪೊರೆ ಬಿಗಿಯಾಗಿದೆಯೇ ಎಂದು ವೈದ್ಯರಿಂದ ನೋಡಿಸಿ. ತೊಟ್ಟು ಚಪ್ಪಟೆ ಇದೆ ಎನ್ನುವವರು ಧೈರ್ಯಗೆಡಬೇಕಿಲ್ಲ. ಮಗು ಚೀಪುವುದು ಎದೆಯನ್ನು, ಬರೀ ತೊಟ್ಟನ್ನಲ್ಲ.

ಹಂತ 3: ಎಷ್ಟು ಸಲ, ಎಷ್ಟು ಹೊತ್ತು

ದಿನಕ್ಕೆ 8ರಿಂದ 12 ಸಲ, ಹಗಲು ರಾತ್ರಿ ಸೇರಿ. ಗಡಿಯಾರ ನೋಡಿ ಹಾಲುಣಿಸುವುದಕ್ಕಿಂತ ಮಗು ನೋಡಿ ಹಾಲುಣಿಸಿ. ಒಂದು ಎದೆಯನ್ನು ಮಗು ತಾನಾಗಿ ಬಿಡುವವರೆಗೆ ಕುಡಿಸಿ, ಆಮೇಲೆ ಇನ್ನೊಂದಕ್ಕೆ ಹಾಕಿ. ಎದೆ ಖಾಲಿಯಾಗುತ್ತಾ ಬಂದಂತೆ ಹಾಲಿನ ಕೊಬ್ಬಿನಂಶ ಏರುತ್ತದೆ. “ಈ ಕಡೆ ಹತ್ತು ನಿಮಿಷ, ಆ ಕಡೆ ಹತ್ತು ನಿಮಿಷ” ಎಂದು ಅರ್ಧಕ್ಕೇ ಬಿಡಿಸಿದರೆ ಆ ಕೊಬ್ಬು ಸಿಗದೇ ಹೋಗಬಹುದು.

ರಾತ್ರಿಯ ಹಾಲನ್ನು ತಪ್ಪಿಸಬೇಡಿ, ಪ್ರೊಲ್ಯಾಕ್ಟಿನ್ ಮಟ್ಟ ಹೆಚ್ಚಿರುವುದು ರಾತ್ರಿ ಹೊತ್ತು. ಹುಟ್ಟಿದ ತೂಕಕ್ಕೆ ಮರಳುವವರೆಗೆ ಮಗು ನಾಲ್ಕು ಗಂಟೆಗೂ ಮೀರಿ ನಿದ್ದೆ ಮಾಡುತ್ತಿದ್ದರೆ ಎಬ್ಬಿಸಿ ಕುಡಿಸಿ.

ಸಂಜೆ ಹೊತ್ತು ಮಗು ಬಿಟ್ಟೂಬಿಡದೆ ಎದೆ ಕೇಳುವುದುಂಟು. ಎರಡು-ಮೂರು ವಾರದ ಸುಮಾರಿಗೆ, ಮತ್ತೆ ಆರನೇ ವಾರದ ಹೊತ್ತಿಗೆ ಒಂದೆರಡು ದಿನ ಹೀಗೆ ಜೋರಾಗುತ್ತದೆ. ಇದನ್ನು ಹಾಲು ಬತ್ತಿದ ಲಕ್ಷಣ ಅಂದುಕೊಳ್ಳುತ್ತಾರೆ. ಬತ್ತಿಲ್ಲ. ಮಗು ಹೆಚ್ಚು ಚೀಪಿ ಹೆಚ್ಚು ಹಾಲಿಗೆ ಬೇಡಿಕೆ ಇಡುತ್ತಿದೆ. ಆ ದಿನಗಳಲ್ಲಿ ಬಾಟಲಿ ಹಿಡಿದರೆ ಬೇಡಿಕೆ ಎದೆಗೆ ತಲುಪುವುದೇ ಇಲ್ಲ.

ಹಂತ 4: ಸಾಲುತ್ತಿದೆಯೇ ಎಂದು ತಿಳಿಯುವುದು

ಎದೆ ಮೆತ್ತಗಿದೆ, ಮಗು ಅಳುತ್ತಿದೆ, ಹಿಂಡಿದರೆ ಸ್ವಲ್ಪವೇ ಬರುತ್ತದೆ, ಬಾಟಲಿ ಕೊಟ್ಟರೆ ಗಟಗಟ ಕುಡಿಯುತ್ತದೆ. ಈ ನಾಲ್ಕೂ ಹಾಲು ಕಡಿಮೆ ಎನ್ನುವುದಕ್ಕೆ ಸಾಕ್ಷಿಯಲ್ಲ. ಕೆಲವು ವಾರಗಳಾದ ಮೇಲೆ ಎದೆ ಮೆತ್ತಗಾಗುವುದು ಸಹಜ. ಹಿಂಡುವ ಕೈಗಾಗಲಿ ಪಂಪ್‌ಗಾಗಲಿ ಮಗುವಿನ ಬಾಯಿಯ ಚಾತುರ್ಯವಿಲ್ಲ.

ನಂಬಬೇಕಾದ ಲೆಕ್ಕ ಎರಡೇ. ಮೊದಲನೆಯದು ಮಗುವಿನಿಂದ ಹೊರಬರುವುದು. ಮೊದಲ ದಿನ ಕನಿಷ್ಠ ಒಂದು ಸಲ ಮೂತ್ರ, ಎರಡನೇ ದಿನ ಎರಡು, ಹೀಗೆ ಏರುತ್ತಾ ಐದು-ಆರನೇ ದಿನದಿಂದ 24 ಗಂಟೆಯಲ್ಲಿ ಆರು ಅಥವಾ ಹೆಚ್ಚು ಒದ್ದೆ ಡಯಾಪರ್, ಮೂತ್ರ ತಿಳಿಯಾಗಿರಬೇಕು. ಮಲ ಕಪ್ಪಿನಿಂದ ಹಸಿರಾಗಿ, ನಾಲ್ಕು-ಐದನೇ ದಿನದ ಹೊತ್ತಿಗೆ ಹಳದಿಯಾಗಬೇಕು. ಎರಡನೆಯದು ತೂಕ. ಮೊದಲ ದಿನಗಳಲ್ಲಿ ಮಗು ತೂಕ ಕಳೆದುಕೊಳ್ಳುವುದು ಸಹಜ, ಅದು ಶೇ. 10 ದಾಟಬಾರದು. ಶೇ. 7 ದಾಟುತ್ತಿದ್ದಂತೆಯೇ ಹಾಲುಣಿಸುವ ರೀತಿಯನ್ನು ಯಾರಿಂದಲಾದರೂ ಪರೀಕ್ಷೆ ಮಾಡಿಸುವುದು ಜಾಣತನ. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಿ, ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು. ತೂಕವನ್ನು ಪ್ರತಿದಿನ ನೋಡುತ್ತಾ ಕೂರಬೇಡಿ, ನೆಮ್ಮದಿ ಕೆಡುತ್ತದೆ. ನೋಡುವಾಗ ಒಂದೇ ತಕ್ಕಡಿಯಲ್ಲಿ, ಬಟ್ಟೆಯಿಲ್ಲದೆ ನೋಡಿ.

ಎಚ್ಚರಿಕೆ: ಐದು ದಿನ ದಾಟಿದ ಮಗು ಎಂಟು ಗಂಟೆ ಮೂತ್ರ ಮಾಡದಿದ್ದರೆ, ಎಬ್ಬಿಸಿದರೂ ಏಳದೆ ಸೋತು ಮಲಗಿದ್ದರೆ, ನೆತ್ತಿಯ ಮೆತ್ತನೆ ಭಾಗ ಒಳಕ್ಕೆ ಕುಗ್ಗಿದ್ದರೆ, ಬಾಯಿ ಒಣಗಿದ್ದರೆ, ಕಾಮಾಲೆಯ ಹಳದಿ ಕೈಕಾಲಿಗೆ ಹರಡುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ ಬಂದರೂ ಹಾಗೆಯೇ. ಮನೆಯಲ್ಲಿ ಬಲ್ಲವರನ್ನು ಕೇಳಿಕೊಂಡು ಕೂರುವ ಹೊತ್ತಲ್ಲ ಅದು.

ಹಂತ 5: ನಿಜಕ್ಕೂ ಕಡಿಮೆ ಇದ್ದರೆ

ಅಂಥ ತಾಯಂದಿರೂ ಇದ್ದಾರೆ. ಹೆರಿಗೆಯಲ್ಲಿ ಬಹಳ ರಕ್ತಸ್ರಾವವಾದವರು, ಥೈರಾಯ್ಡ್ ತೊಂದರೆ ಇರುವವರು, ಎದೆಯ ಶಸ್ತ್ರಚಿಕಿತ್ಸೆ ಆದವರು, ಮಾಸದ ತುಂಡು ಗರ್ಭಕೋಶದಲ್ಲಿ ಉಳಿದುಕೊಂಡವರು, ಎದೆಯ ಗ್ರಂಥಿ ಸರಿಯಾಗಿ ಬೆಳೆಯದವರು. ಮೊದಲು ವೈದ್ಯರಿಂದ ಕಾರಣ ಹುಡುಕಿಸಿ. ಜೊತೆಗೆ ಹಿಡಿತ ಸರಿಪಡಿಸಿ, ಪ್ರತಿ ಸಲ ಎರಡೂ ಎದೆ ಕುಡಿಸಿ, ಕುಡಿಸಿದ ಮೇಲೆ ಸ್ವಲ್ಪ ಹೊತ್ತು ಹಿಂಡಿ. ಮಗುವನ್ನು ಮೈಗೆ ಮೈ ತಾಗಿಸಿಕೊಂಡು ಮಲಗಿಸಿಕೊಳ್ಳುವುದರಿಂದಲೂ ಹಾಲು ಇಳಿಯಲು ಸಹಾಯವಾಗುತ್ತದೆ. ಹಾಲು ಹೆಚ್ಚಿಸುವ ಪುಡಿ, ಗುಳಿಗೆಗಳಿಗೆ ಹಣ ಸುರಿಯುವುದು ಇದೆಲ್ಲ ಆದ ಮೇಲಿನ ಮಾತು. ಅವುಗಳ ಪರವಾಗಿರುವ ಪುರಾವೆ ದುರ್ಬಲ ಎಂಬುದೂ ಗೊತ್ತಿರಲಿ.

ಪೂರಕವಾಗಿ ಏನಾದರೂ ಕೊಡಲೇಬೇಕಾದರೆ ಮೊದಲ ಆಯ್ಕೆ ನಿಮ್ಮದೇ ಹಿಂಡಿದ ಹಾಲು, ಆಮೇಲೆ ಹಾಲಿನ ಬ್ಯಾಂಕಿನ ಹಾಲು, ಆಮೇಲೆ ಫಾರ್ಮುಲಾ, ಅಂದರೆ ಶಿಶುಗಳಿಗೆಂದೇ ತಯಾರಿಸಿದ ಪುಡಿಹಾಲು. ಹಾಲಿನ ಬ್ಯಾಂಕೆಂದರೆ ದಾನಿ ತಾಯಂದಿರನ್ನು ಪರೀಕ್ಷಿಸಿ, ಅವರ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಸುರಕ್ಷಿತಗೊಳಿಸಿ ಕೊಡುವ ವ್ಯವಸ್ಥೆ. ತಿಂಗಳು ತುಂಬದೆ ಹುಟ್ಟಿದ ಶಿಶುಗಳಿಗೆ ಇದು ಬಹಳ ಮುಖ್ಯ, ಕರುಳಿನ ಅಂಗಾಂಶ ಕೊಳೆಯುವ ನೆಕ್ರೊಟೈಸಿಂಗ್ ಎಂಟೆರೊಕೊಲೈಟಿಸ್ ಎಂಬ ಮಾರಕ ಕಾಯಿಲೆಯ ಸಾಧ್ಯತೆಯನ್ನು ಮನುಷ್ಯರ ಹಾಲು ಕಡಿಮೆ ಮಾಡುತ್ತದೆ. ಪರಿಚಯದವರ ಹಾಲನ್ನು ಪರೀಕ್ಷೆಯಿಲ್ಲದೆ ಕುಡಿಸಬೇಡಿ. ಫಾರ್ಮುಲಾ ಕೊಡಬೇಕಾಗಿ ಬಂದ ತಾಯಿ ಸೋತವಳಲ್ಲ. ಮಗುವಿನ ಹೊಟ್ಟೆ ತುಂಬುವುದು ಎಲ್ಲಕ್ಕಿಂತ ಮೊದಲು. ದಿನಕ್ಕೆ ಸ್ವಲ್ಪವೇ ಎದೆಹಾಲು ಸಿಕ್ಕರೂ ಅದಕ್ಕೆ ಅದರದೇ ಬೆಲೆಯಿದೆ.

ಹಂತ 6: ಎದೆ ಕಟ್ಟಿದರೆ, ಕೆಂಪಾದರೆ

ಹಾಲು ಕಟ್ಟಿ ಎದೆ ಕಲ್ಲಿನಂತಾದಾಗ ಮಗುವಿಗೆ ಬಾಯಿ ಹಿಡಿಯಲು ಆಗುವುದಿಲ್ಲ. ಬೆರಳ ತುದಿಗಳಿಂದ ತೊಟ್ಟಿನ ಸುತ್ತ ಒಂದು ನಿಮಿಷ ಮೆಲ್ಲಗೆ ಒಳಕ್ಕೆ ಒತ್ತಿ ಹಿಡಿದರೆ ಆ ಭಾಗ ಮೆತ್ತಗಾಗುತ್ತದೆ. ಕುಡಿಸಿದ ಮೇಲೆ ತಣ್ಣನೆ ಬಟ್ಟೆ ಇಟ್ಟುಕೊಳ್ಳಿ. ಗಂಟು ಕರಗಲಿ ಎಂದು ಜೋರಾಗಿ ತಿಕ್ಕಬೇಡಿ, ಒಳಗಿನ ಊತ ಅದರಿಂದ ಹೆಚ್ಚಾಗುತ್ತದೆ.

ಎದೆಯ ಒಂದು ಭಾಗ ಕೆಂಪಾಗಿ, ಬಿಸಿಯಾಗಿ, ಚಳಿ ಜ್ವರ ಬಂದರೆ ಅದು ಎದೆಯ ಬಾವು. ಹಾಲುಣಿಸುವುದನ್ನು ನಿಲ್ಲಿಸಬೇಡಿ, ಆ ಹಾಲಿನಿಂದ ಮಗುವಿಗೆ ತೊಂದರೆಯಿಲ್ಲ. ನಿಲ್ಲಿಸಿದರೆ ಬಾವು ಕೀವುಗಟ್ಟುವ ಅಪಾಯ ಹೆಚ್ಚು. ಒಂದು ದಿನದಲ್ಲಿ ಇಳಿಯದಿದ್ದರೆ ವೈದ್ಯರನ್ನು ಕಾಣಿ, ಪ್ರತಿಜೈವಿಕ ಔಷಧಿ ಬೇಕಾಗಬಹುದು.

ಇಷ್ಟೆಲ್ಲ ಪಾಡು ಯಾಕೆ?

ನ್ಯಾಯವಾದ ಪ್ರಶ್ನೆ. ಎದೆಹಾಲಿನಲ್ಲಿ ಶೇ. 87ರಷ್ಟು ನೀರು, ಉಳಿದದ್ದು ಲ್ಯಾಕ್ಟೋಸ್ ಎಂಬ ಸಕ್ಕರೆ, ಕೊಬ್ಬು, ಶೇ. 1ರಷ್ಟು ಪ್ರೋಟೀನ್. ಪೋಷಕಾಂಶಗಳನ್ನಷ್ಟೇ ಲೆಕ್ಕ ಹಾಕಿದರೆ ಕಾರ್ಖಾನೆಯಲ್ಲೂ ಹತ್ತಿರಹತ್ತಿರ ತಯಾರಿಸಬಹುದು. ವ್ಯತ್ಯಾಸ ಇರುವುದು ಜೀವಂತ ಭಾಗದಲ್ಲಿ. ತಾಯಿ ತನ್ನ ಸುತ್ತಲಿನ ರೋಗಾಣುವಿಗೆ ಒಡ್ಡಿಕೊಂಡಾಗ ಅವಳ ಕರುಳು, ಶ್ವಾಸಕೋಶಗಳಲ್ಲಿ ತಯಾರಾದ ರಕ್ಷಕ ಕಣಗಳು ಎದೆಗೆ ಬಂದು ಅದೇ ರೋಗಾಣುವಿನ ಪ್ರತಿಕಾಯವನ್ನು ಹಾಲಿಗೆ ಸೇರಿಸುತ್ತವೆ. ಮಗು ಉಸಿರಾಡುವುದೂ ಅದೇ ಗಾಳಿಯನ್ನಲ್ಲವೇ? ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನ್ ಬ್ಯಾಕ್ಟೀರಿಯಾಗಳಿಗೆ ಬೇಕಾದ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಅವನ್ನು ಉಪವಾಸ ಕೆಡವುತ್ತದೆ. ಆಲಿಗೊಸ್ಯಾಕರೈಡ್ ಎಂಬ ಇನ್ನೊಂದು ಬಗೆಯ ಸಕ್ಕರೆಯನ್ನು ಮಗುವಿಗೆ ಜೀರ್ಣಿಸಿಕೊಳ್ಳಲಾಗುವುದಿಲ್ಲ, ಅದು ಮಗುವಿನ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರ. ಎದೆಹಾಲು ಕುಡಿದ ಮಕ್ಕಳಲ್ಲಿ ಭೇದಿ, ನ್ಯುಮೋನಿಯ, ಕಿವಿ ಸೋಂಕು, ನಿದ್ದೆಯಲ್ಲಿ ಸಂಭವಿಸುವ ಹಠಾತ್ ಸಾವು ಕಡಿಮೆ ಇರುವುದರ ಹಿಂದೆ ಇಂಥ ರಕ್ಷಣೆಯ ಪಾಲು ದೊಡ್ಡದು. ಎಲ್ಲೆಡೆ ಎದೆಹಾಲುಣಿಸಿದರೆ ವರ್ಷಕ್ಕೆ 8,23,000 ಮಕ್ಕಳ ಸಾವು ತಪ್ಪಿಸಬಹುದು ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ 2016ರ ಲೇಖನಮಾಲೆ ಅಂದಾಜಿಸಿತ್ತು.

ತಾಯಿಗೆ ಸಿಗುವುದರ ಬಗ್ಗೆ ಮಾತಾಡುವವರು ಕಡಿಮೆ. ಚೀಪುವಾಗ ಬರುವ ಆಕ್ಸಿಟೋಸಿನ್ ಗರ್ಭಕೋಶವನ್ನೂ ಬಿಗಿಗೊಳಿಸುತ್ತದೆ. ಮೊದಲ ದಿನಗಳಲ್ಲಿ ಹಾಲುಣಿಸುವಾಗ ಹೊಟ್ಟೆ ಹಿಂಡಿದಂತಾಗುವುದು ಇದರಿಂದಲೇ, ರಕ್ತಸ್ರಾವ ತಗ್ಗಲು ಅದು ಸಹಾಯಕ. 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಹಾಲುಣಿಸಿದ ಪ್ರತಿ 12 ತಿಂಗಳಿಗೆ ಸ್ತನ ಕ್ಯಾನ್ಸರಿನ ಸಾಧ್ಯತೆ ಶೇ. 4.3ರಷ್ಟು ಇಳಿಯುತ್ತದೆ. ಅಂಡಾಶಯದ ಕ್ಯಾನ್ಸರ್, ಟೈಪ್ 2 ಮಧುಮೇಹ ಕೂಡ ಹಾಲುಣಿಸಿದವರಲ್ಲಿ ಕಡಿಮೆ. ತೂಕ ತಾನಾಗಿ ಇಳಿದುಬಿಡುತ್ತದೆ ಎಂಬ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ, ಕೆಲವರಿಗೆ ಇಳಿಯುತ್ತದೆ, ಕೆಲವರಿಗೆ ಇಲ್ಲ.

ಹಾಲುಣಿಸುವಾಗ ಗರ್ಭ ನಿಲ್ಲುವುದಿಲ್ಲ ಎನ್ನುವುದು ಮೂರು ಷರತ್ತಿನ ಮೇಲೆ ನಿಜ: ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಮರಳಿರಬಾರದು, ಹಗಲು ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು. ಮೂರೂ ಇದ್ದರೆ ಶೇ. 98ರಷ್ಟು ರಕ್ಷಣೆ. ಒಂದು ತಪ್ಪಿದರೂ ಬೇರೆ ಉಪಾಯ ಮಾಡಿಕೊಳ್ಳಿ.

ಹಂತ 7: ಹಿಂಡಿ ಇಡುವುದು

ಕೆಲಸಕ್ಕೆ ಮರಳುವವರಿಗೆ ಇದು ಬೇಕೇ ಬೇಕು. ಕೈ ತೊಳೆದು, ಹೆಬ್ಬೆರಳು ಮತ್ತು ತೋರುಬೆರಳನ್ನು ಕಪ್ಪು ಭಾಗದ ಅಂಚಿನಲ್ಲಿಟ್ಟು, ಎದೆಗೂಡಿನತ್ತ ಒತ್ತಿ ಬೆರಳುಗಳನ್ನು ಕೂಡಿಸಿ ಬಿಡಿ. ಚರ್ಮದ ಮೇಲೆ ಬೆರಳು ಜಾರಿಸಬಾರದು, ತೊಟ್ಟನ್ನು ಹಿಂಡಬಾರದು. ಕೆಲಸದ ಜಾಗದಲ್ಲಿ ಸುಮಾರು ಮೂರು ಗಂಟೆಗೊಮ್ಮೆ ಹಿಂಡಿದರೆ ಹಾಲು ಬತ್ತುವುದಿಲ್ಲ.

ಹೊಸದಾಗಿ ಹಿಂಡಿದ ಹಾಲು 25 ಡಿಗ್ರಿವರೆಗಿನ ಕೋಣೆಯಲ್ಲಿ 4 ಗಂಟೆ, 4 ಡಿಗ್ರಿಯ ಫ್ರಿಜ್‌ನಲ್ಲಿ 4 ದಿನ, ಫ್ರೀಜರ್‌ನಲ್ಲಿ 6 ತಿಂಗಳವರೆಗೆ ಚೆನ್ನಾಗಿರುತ್ತದೆ. ಸೆಖೆ ಹೆಚ್ಚಿದ್ದರೆ ನಾಲ್ಕು ಗಂಟೆ ಕಾಯಬೇಡಿ. ಪ್ರತಿ ಪಾತ್ರೆಗೂ ತಾರೀಖು ಬರೆಯಿರಿ. ಫ್ರಿಜ್‌ನ ಬಾಗಿಲಲ್ಲಿ ಇಡಬೇಡಿ, ಅಲ್ಲಿ ಶಾಖ ಏರಿಳಿಯುತ್ತದೆ. ಕರಗಿಸಿದ ಹಾಲನ್ನು ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಬಳಸಿ, ಮತ್ತೆ ಗಟ್ಟಿ ಮಾಡಬೇಡಿ. ಬೆಚ್ಚಗೆ ಮಾಡಲು ಬಿಸಿನೀರಿನ ಬಟ್ಟಲಲ್ಲಿ ಇಟ್ಟರೆ ಸಾಕು. ಮೈಕ್ರೋವೇವ್ ಬೇಡ, ಅಲ್ಲಲ್ಲಿ ಸುಡುವಷ್ಟು ಬಿಸಿಯಾಗಿ ಮಗುವಿನ ಬಾಯಿ ಸುಟ್ಟೀತು. ಮೇಲೆ ಕೆನೆ ಬೇರೆಯಾಗಿ ನಿಂತಿದ್ದರೆ ಹಾಲು ಕೆಟ್ಟಿಲ್ಲ, ಮೆಲ್ಲಗೆ ಅಲುಗಾಡಿಸಿದರೆ ಬೆರೆಯುತ್ತದೆ. ಮಗು ಕುಡಿದು ಉಳಿಸಿದ್ದನ್ನು ಎರಡು ಗಂಟೆಯೊಳಗೆ ಕುಡಿಸದಿದ್ದರೆ ಚೆಲ್ಲಿಬಿಡಿ.

ಹಂತ 8: ತಾಯಿಯ ಊಟ, ಔಷಧಿ, ಕಾಯಿಲೆ

ವಿಶೇಷ ಪಥ್ಯ ಬೇಕಿಲ್ಲ. ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಆಹಾರ, ಬಾಯಾರಿಕೆಗೆ ತಕ್ಕಷ್ಟು ನೀರು. ನೀರನ್ನು ಬಲವಂತವಾಗಿ ಕುಡಿದರೆ ಹಾಲು ಹೆಚ್ಚುವುದಿಲ್ಲ. ತಂಬಾಕು ಬಿಡಿ. ಮದ್ಯ ಬೇಡ, ಕುಡಿದಿದ್ದರೆ ಒಂದು ಪ್ರಮಾಣಕ್ಕೆ ಕನಿಷ್ಠ ಎರಡು ಗಂಟೆ ಕಾದು ಹಾಲುಣಿಸಿ.

ನೆಗಡಿ, ಜ್ವರ, ಭೇದಿ ಬಂದಾಗ ಹಾಲು ನಿಲ್ಲಿಸುವುದು ತಪ್ಪು, ನಿಮ್ಮ ಪ್ರತಿಕಾಯ ಮಗುವಿಗೆ ಬೇಕಾಗಿರುವುದೇ ಆಗ. ಹೆಪಟೈಟಿಸ್ ಬಿ ಇರುವ ತಾಯಿಯೂ ಮಗುವಿಗೆ ಹುಟ್ಟಿದ ಕೂಡಲೇ ಕೊಡಬೇಕಾದ ಚುಚ್ಚುಮದ್ದು ಕೊಡಿಸಿ ಹಾಲುಣಿಸಬಹುದು. ಹಾಲುಣಿಸಲೇಬಾರದ ಸಂದರ್ಭಗಳು ಕೆಲವೇ: ಹಾಲಿನ ಸಕ್ಕರೆಯನ್ನು ಮಗುವಿನ ದೇಹ ಬಳಸಿಕೊಳ್ಳಲಾಗದ ಗ್ಯಾಲಕ್ಟೊಸೀಮಿಯ ಎಂಬ ಹುಟ್ಟು ತೊಂದರೆ, ತಾಯಿಗೆ ಕೀಮೋಥೆರಪಿ ಅಥವಾ ವಿಕಿರಣಶೀಲ ಅಯೋಡಿನ್ ಚಿಕಿತ್ಸೆ. ಎಚ್‌ಐವಿ, ಚಿಕಿತ್ಸೆ ಶುರುವಾಗದ ಕ್ಷಯ, ಎದೆಯ ಮೇಲೆ ಹರ್ಪಿಸ್ ಹುಣ್ಣು ಇದ್ದವರು ವೈದ್ಯರ ಸಲಹೆಯಂತೆ ನಡೆಯಬೇಕು. ಯಾವುದೇ ಔಷಧಿ ಬರೆಸಿಕೊಳ್ಳುವಾಗ “ಮಗು ಎದೆಹಾಲು ಕುಡಿಯುತ್ತಿದೆ” ಎಂದು ಹೇಳಿ. ಹೆಚ್ಚಿನ ಕಾಯಿಲೆಗಳಿಗೆ ಹೊಂದುವ ಔಷಧಿ ಇದೆ.

ಎರಡು ವಾರ ದಾಟಿದರೂ ಮನಸ್ಸು ಮಂಕಾಗಿದ್ದು, ಮಗುವಿನ ಮೇಲೂ ಆಸೆ ಹುಟ್ಟುತ್ತಿಲ್ಲವೆಂದರೆ ಅದು ಹೆರಿಗೆಯ ನಂತರದ ಖಿನ್ನತೆ ಇರಬಹುದು. ವೈದ್ಯರಿಗೆ ಹೇಳಿ, ಇದಕ್ಕೂ ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ.

ಹಂತ 9: ಆರು ತಿಂಗಳವರೆಗೆ, ಆಮೇಲೆ

ಆರು ತಿಂಗಳು ಎದೆಹಾಲು ಮಾತ್ರ. ಬೇಸಿಗೆಯಲ್ಲೂ ನೀರು ಬೇಡ, ಹಾಲಿನಲ್ಲೇ ಸಾಕಷ್ಟಿದೆ. ಎದೆಹಾಲಿನಲ್ಲಿ ಡಿ ಜೀವಸತ್ವ ಕಡಿಮೆ, ಅದಕ್ಕೆ ಮಕ್ಕಳ ವೈದ್ಯರು ಸಾಮಾನ್ಯವಾಗಿ ದಿನಕ್ಕೆ 400 ಐ.ಯು. (ಜೀವಸತ್ವ ಅಳೆಯುವ ಅಂತರರಾಷ್ಟ್ರೀಯ ಮಾನ) ಹನಿ ಬರೆದುಕೊಡುತ್ತಾರೆ, ತಪ್ಪಿಸಬೇಡಿ.

ಆರು ತಿಂಗಳಾದ ಮೇಲೆ ಮಗುವಿನ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಮುಗಿಯುತ್ತಾ ಬರುತ್ತದೆ, ಹಾಲೊಂದೇ ಸಾಲದು. ಕಬ್ಬಿಣದ ಅಂಶವಿರುವ ಮೆತ್ತನೆ ಆಹಾರ ಶುರು ಮಾಡಿ, ಎದೆಹಾಲನ್ನು ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವರ್ಷ ಕಳೆದ ಮೇಲೆ ಹಾಲು ನೀರಾಗುತ್ತದೆ ಎಂಬುದರಲ್ಲಿ ಹುರುಳಿಲ್ಲ, ಪ್ರತಿಕಾಯಗಳು ಆಗಲೂ ಇರುತ್ತವೆ.

ಹಾಲು ಬಿಡಿಸುವಾಗ ಒಂದೇ ದಿನ ನಿಲ್ಲಿಸಬೇಡಿ, ಎದೆ ಕಟ್ಟಿ ಬಾವು ಬರುತ್ತದೆ. ದಿನದ ಒಂದು ಹೊತ್ತಿನ ಹಾಲನ್ನು ಬಿಡಿಸಿ, ಕೆಲವು ದಿನ ಎದೆ ಹೊಂದಿಕೊಳ್ಳಲು ಬಿಟ್ಟು, ಇನ್ನೊಂದು ಹೊತ್ತನ್ನು ಬಿಡಿಸಿ. ಮಲಗುವ ಹೊತ್ತಿನದನ್ನು ಕೊನೆಗೆ ಇಟ್ಟುಕೊಳ್ಳಿ, ಮಕ್ಕಳು ಹೆಚ್ಚು ಹಟ ಮಾಡುವುದು ಅದಕ್ಕೇ. ನಡುವೆ ಮಗುವಿಗೆ ಹುಷಾರು ತಪ್ಪಿದರೆ ಬಿಡಿಸುವುದನ್ನು ಕೆಲವು ದಿನ ಮುಂದೂಡಿ.